ಮಿಲಾನಿನ ಪದಗಳ ಮನೆ, ಗಲ್ಲರಾತೆಯ ಹುಡುಗಿಯರು

ಮಿಲಾನ್ ಎಂದ ಕೂಡಲೆ ನಿಮಗೆ ಏನು ನೆನಪಾಗುತ್ತದೆ? ಫ್ಯಾಷನ್ ಬಟ್ಟೆ, ದುವೋಮೊ ಎಂಬ ಭಾರಿ ಚರ್ಚು, ಗೋಡೆಯ ಮೇಲೆ ಲಿಯೊನಾರ್ಡೊ ಬರೆದ ಕೊನೆಯ ಭೋಜನದ ಚಿತ್ರ. ಪ್ರವಾಸದ ಕಂಪನಿಯವರು ಇಷ್ಟನ್ನೇ ತೋರಿಸಿ, ಬನ್ನಿ ಬನ್ನಿ ಅಂತ ಬಸ್ಸು ಹತ್ತಿಸಿಬಿಡುತ್ತಾರೆ. ನಾನು ಇವತ್ತು ನಿಮ್ಮನ್ನು ಕರೆದುಕೊಂಡು ಹೋಗುವುದು ಬೇರೆ ಕಡೆಗೆ. ದುವೋಮೊದಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ನಿಮಿಷ ನಡೆಯಿರಿ. ಕಾಲುನೋವು ಇದ್ದವರಿಗೆ ಹಸಿರು ಗೆರೆಯ ಮೆಟ್ರೊ ಇದೆ, ಸಾಂತ್ ಅಂಬ್ರೋಜೊ ನಿಲ್ದಾಣದಲ್ಲಿ ಇಳಿದರಾಯಿತು.

ನಾಲ್ಕನೆಯ ಶತಮಾನದಲ್ಲಿ ಈ ಊರಿಗೆ ಬಿಷಪ್ ಆಗಿದ್ದ ಅಂಬ್ರೋಸ್ ಎಂಬ ಸಂತನ ಚರ್ಚು ಇಲ್ಲಿದೆ. ಅದಕ್ಕೆ ಒತ್ತಿಕೊಂಡೇ ಹಳೆಯ ಸನ್ಯಾಸಿಗಳ ಮಠ. ಸುತ್ತ ಕಂಬಸಾಲಿನ ಪಡಸಾಲೆ, ನಡುವೆ ಹುಲ್ಲಿನ ಅಂಗಳ. 1921ರಲ್ಲಿ ಶುರುವಾದ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಈಗ ಈ ಮಠದೊಳಗಿದೆ. ಅದನ್ನು ಸ್ಥಾಪಿಸಿದವರಲ್ಲಿ ಅರ್ಮಿದಾ ಬರೆಲ್ಲಿ ಎಂಬ ಹೆಣ್ಣುಮಗಳೂ ಒಬ್ಬಳು. ಇನ್ನೊಂದು ತಮಾಷೆ ಕೇಳಿ: ಒಳಗೆ ‘ಕನ್ಯೆಯರ ತೋಟ’ ಅಂತ ಒಂದು ಪುಟ್ಟ ಕೈತೋಟವಿದೆ. ಅಲ್ಲಿಗೆ ಹೆಂಗಸರಿಗೆ ಮಾತ್ರ ಪ್ರವೇಶ! ಗಂಡಸರು ಹೊರಗೇ ನಿಲ್ಲಬೇಕು.

ಇಷ್ಟಕ್ಕೇ ನಿಮ್ಮನ್ನು ಕರೆತರಲಿಲ್ಲ ಅನ್ನಿ. ಇಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಲ್ಯಾಟಿನ್ ಪದಗಳನ್ನು ಎಣಿಸಿ, ಬಿಡಿಸಿ, ಹೊಂದಿಸುವ ಒಂದು ಕೇಂದ್ರವಿದೆ. ಪಿಎಚ್.ಡಿ. ಮುಗಿಸಿದ ಹುಡುಗ ಹುಡುಗಿಯರು ದೇಶದೇಶಗಳಿಂದ ಇಂಥ ಕಡೆ ಎರಡೋ ಮೂರೋ ವರ್ಷದ ಕರಾರಿನ ಮೇಲೆ ಬರುತ್ತಾರೆ. ಅದಕ್ಕೆ ಪೋಸ್ಟ್‌ಡಾಕ್ ಎಂದು ಹೆಸರು. ಓದು ಮುಗಿದಿದೆ, ಕಾಯಂ ನೌಕರಿ ಇನ್ನೂ ಸಿಕ್ಕಿಲ್ಲ, ಅಂಥ ನಡುಮನೆಯ ಕೆಲಸ.

“ಲ್ಯಾಟಿನ್ ಸತ್ತ ಭಾಷೆ ಅಲ್ವೇನ್ರೀ, ಅದಕ್ಕೆಂಥಾ ಕಂಪ್ಯೂಟರು?” ಅಂತ ನೀವು ಕೇಳಬಹುದು. ಮನೆಮಾತಾಗಿ ಅದು ಯಾರಿಗೂ ಉಳಿದಿಲ್ಲ, ನಿಜ. ಆದರೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಾನೂನು, ವೈದ್ಯ, ಧರ್ಮ, ಕಾವ್ಯ ಎಲ್ಲವನ್ನೂ ಯೂರೋಪಿನವರು ಅದರಲ್ಲಿ ಬರೆದಿಟ್ಟರು. ನಿಮ್ಮ ಡಬ್ಬಿಯ ಅಕ್ಕಿಗೂ ಸಸ್ಯಶಾಸ್ತ್ರದವರು ‘ಒರೈಜಾ ಸಟೈವಾ’ ಎಂದೇ ಹೆಸರಿಟ್ಟಿದ್ದಾರೆ. ಸಟೈವಾ ಎಂದರೆ ಬಿತ್ತಿ ಬೆಳೆದದ್ದು ಎಂದು ಅರ್ಥ.

ಈ ರಾಶಿಯಲ್ಲಿ ಒಂದು ಪದ ಹುಡುಕುವುದು ಸುಲಭವಲ್ಲ. ನಾವು ‘ಬಾ’ ಅನ್ನುವುದನ್ನೇ ಬಂದಳು, ಬರುತ್ತಾಳೆ, ಬಾರಳು ಅಂತ ತಿರುಗಿಸುತ್ತೇವಲ್ಲ, ಲ್ಯಾಟಿನ್ನಿನ ಗೋಳು ಅದಕ್ಕಿಂತ ಹೆಚ್ಚು. ‘ಫೆರೊ’ ಎಂದರೆ ಹೊರುತ್ತೇನೆ, ‘ತುಲಿ’ ಎಂದರೆ ಹೊತ್ತೆನು. ಎರಡೂ ಒಂದೇ ಕ್ರಿಯಾಪದ ಅಂತ ಯಂತ್ರಕ್ಕೆ ಹೇಳಿಕೊಡದೆ ಹೇಗೆ ತಿಳಿಯಬೇಕು? ಇನ್ನು ‘ಮಾಲುಮ್’ ಎಂದು ಎಳೆದರೆ ಸೇಬು, ‘ಮಲುಮ್’ ಎಂದು ಮೊಟಕಿದರೆ ಕೇಡು. ಬರವಣಿಗೆಯಲ್ಲಿ ಎರಡೂ ಒಂದೇ ಥರ! ಮಧ್ಯಯುಗದ ಬರಹಗಾರರಂತೂ ಕಾಗುಣಿತವನ್ನೇ ಬದಲಿಸಿಬಿಟ್ಟರು. ‘ಮಿಹಿ’ ಎಂಬುದು ‘ಮಿಕಿ’ ಆಯಿತು.

ನಮ್ಮ ಅಡುಗೆ ಪುಸ್ತಕಗಳನ್ನೇ ನೋಡಿ. ಒಂದರಲ್ಲಿ ಕೊತ್ತಂಬರಿ ಬೀಜ, ಇನ್ನೊಂದರಲ್ಲಿ ಧನಿಯ, ಹುಬ್ಬಳ್ಳಿ ಕಡೆಯವರದರಲ್ಲಿ ಹವೀಜ. ಗೊತ್ತಿಲ್ಲದವಳು ಮೂರು ಡಬ್ಬಿ ಇಟ್ಟಾಳು. ಮೂರೂ ಒಂದೇ ಎಂದು ಚೀಟಿ ಅಂಟಿಸಿ, ಯಾವ ಪುಸ್ತಕದ ಯಾವ ಪುಟದಲ್ಲಿ ಯಾವ ಹೆಸರಿದೆ ಎಂದು ಸೂತ್ರ ಕಟ್ಟಿದರೆ? 2018ರಿಂದ 2023ರವರೆಗೆ ಯೂರೋಪಿನ ಸಂಶೋಧನಾ ಮಂಡಳಿಯ ಹಣದಿಂದ ಇಲ್ಲಿ ನಡೆದ ‘ಲೀಲಾ’ ಯೋಜನೆ ಲ್ಯಾಟಿನ್ನಿಗೆ ಇದನ್ನೇ ಮಾಡಿತು. (ಹೆಸರು ನಮ್ಮದರಂತೆ ಕೇಳಿದರೂ ಅದು ‘ಲಿಂಕಿಂಗ್ ಲ್ಯಾಟಿನ್’ ಎಂಬುದರ ಮೊಟಕು.) ನಿಘಂಟುಗಳು, ಕಾವ್ಯಗಳು, ವಾಕ್ಯ ಬಿಡಿಸಿಟ್ಟ ಕಡತಗಳು, ಎಲ್ಲಕ್ಕೂ ಮೂಲಪದವೇ ಕೊಂಡಿ. ಈ ಯೋಜನೆಯ ಮುಖ್ಯಸ್ಥರು ಮಾರ್ಕೊ ಪಸ್ಸರೊತ್ತಿ. ಅವರ ಗುರು ಫಾದರ್ ರೊಬೆರ್ತೊ ಬೂಸಾ. ಈ ಗುರುವಿನ ಕಥೆ ಬೇಕಾದರೆ ನಾವು ಮತ್ತೆ ರೈಲು ಹತ್ತಬೇಕು.

ಮಿಲಾನಿನ ವಾಯುವ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಗಲ್ಲರಾತೆ ಎಂಬ ಊರು. ಹತ್ತಿ ಗಿರಣಿಗಳಿಂದ ಬೆಳೆದದ್ದು. ಬೂಸಾ ಇಲ್ಲಿಯ ಜೆಸ್ಯೂಟ್ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ. ಹದಿಮೂರನೆಯ ಶತಮಾನದ ಪಂಡಿತ ಥಾಮಸ್ ಅಕ್ವಿನಾಸನ ಬರಹದಲ್ಲಿ ‘ಇನ್’ ಎಂಬ ಪುಟ್ಟ ಪದ, ಅಂದರೆ ನಮ್ಮ ‘ಅಲ್ಲಿ’, ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ಅವರು ಕೈಯಲ್ಲೇ ಹತ್ತು ಸಾವಿರ ಚೀಟಿ ಬರೆದರಂತೆ. ಆ ಪಂಡಿತನ ಪ್ರತಿಯೊಂದು ಪದಕ್ಕೂ ಹೀಗೇ ಪಟ್ಟಿ ಬೇಕೆಂಬ ಹುಚ್ಚು ಹತ್ತಿತು. 1949ರಲ್ಲಿ ನ್ಯೂಯಾರ್ಕಿಗೆ ಹೋಗಿ ಐ.ಬಿ.ಎಂ. ಕಂಪನಿಯ ಯಜಮಾನ ಥಾಮಸ್ ವಾಟ್ಸನ್‌ರನ್ನು ಕಂಡು, ತೂತು ಕಾರ್ಡಿನ ಯಂತ್ರಗಳ ಸಹಾಯ ಕೇಳಿ ಪಡೆದು ಬಂದರು. ಮುದ್ರಣ 1974ರಿಂದ 1980ರವರೆಗೆ ನಡೆಯಿತು, 56 ಸಂಪುಟ. ಅದರೊಳಗೆ ಸುಮಾರು ಒಂದು ಕೋಟಿ ಹತ್ತು ಲಕ್ಷ ಪದಗಳ ಲೆಕ್ಕವಿದೆ.

ಒಂದು ಕೋಟಿ ಹತ್ತು ಲಕ್ಷ! ಕೂತು ಅಷ್ಟನ್ನು ಕಾರ್ಡಿಗೆ ಇಳಿಸಿದವರು ಯಾರು ಅಂತ ನಿಮಗೆ ಈಗಾಗಲೇ ಅನುಮಾನ ಬಂದಿರಬೇಕು. ಹುಡುಗಿಯರು. ಬೂಸಾ 1954ರಲ್ಲಿ ಗಲ್ಲರಾತೆಯಲ್ಲಿ ಕಾರ್ಡು ತೂತು ಮಾಡುವುದನ್ನು ಕಲಿಸುವ ಶಾಲೆ ತೆರೆದರು. ಅದು 1967ರವರೆಗೆ ನಡೆಯಿತು. ಅವರೇ ಬರೆದಿರುವಂತೆ, ಸೇರುವವರಿಗೆ ಇದೇ ಮೊದಲ ಕೆಲಸವಾಗಿರಬೇಕು. ಒಂದು ತಿಂಗಳ ಪರೀಕ್ಷೆಯಲ್ಲಿ ಐವರಲ್ಲಿ ಒಬ್ಬಳಿಗೆ ಮಾತ್ರ ಜಾಗ. ಆಮೇಲೆ ನಾಲ್ಕು ಅರ್ಧವರ್ಷ, ದಿನಕ್ಕೆ ಎಂಟು ಗಂಟೆ. ಒಬ್ಬಳು ಒತ್ತಿದ ಕಾರ್ಡನ್ನು ಇನ್ನೊಬ್ಬಳು ಮತ್ತೆ ಮೊದಲಿನಿಂದ ಒತ್ತಬೇಕು, ಎರಡೂ ತಾಳೆಯಾಗದ ಕಡೆ ಯಂತ್ರ ನಿಂತುಬಿಡುತ್ತದೆ. ಲ್ಯಾಟಿನ್ನನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಆದರೂ ಹೀಬ್ರೂ ಲಿಪಿಗೆ ಹೊರಳಲು ಅವರಿಗೆ ಎರಡೇ ವಾರ ಸಾಕಾಯಿತಂತೆ. ಕೋರ್ಸು ಮುಗಿಯುವ ಮೊದಲೇ ಕಾರ್ಖಾನೆಯವರು ಕೆಲಸಕ್ಕೆ ಕರೆಯುತ್ತಿದ್ದರಂತೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೂತು ಬೆರಳು ನೋಯಿಸಿಕೊಂಡವರಿಗೆ ಈ ಶ್ರಮ ಎಂಥದೆಂದು ನಾನು ಬಿಡಿಸಿ ಹೇಳಬೇಕೆ?

ಬೂಸಾ ಅವರ ಕಾಗದಪತ್ರಗಳು ಈಗ ಮಿಲಾನಿನ ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವುಗಳ ಜೊತೆಗಿರುವ ಹಳೆಯ ಫೋಟೋಗಳಲ್ಲಿ ಯಂತ್ರಗಳ ಮುಂದೆ ಸಾಲಾಗಿ ಕುಳಿತ ಹುಡುಗಿಯರಿದ್ದಾರೆ. ನೋಡಲು ಬಂದ ದೊಡ್ಡ ಮನುಷ್ಯರ ಹೆಸರು ಗೊತ್ತು, ಯಂತ್ರದ ಹೆಸರೂ ಗೊತ್ತು. ಹುಡುಗಿಯರದು ಮಾತ್ರ ಬಹಳ ಕಡೆ ಇಲ್ಲ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಐವತ್ತಾರು ಸಂಪುಟದ ಬೆನ್ನ ಮೇಲೆ ಒಬ್ಬರ ಹೆಸರು ಹೊಳೆಯುವಾಗ ಒಳಗಿನ ಅಕ್ಷರ ಅಕ್ಷರವನ್ನೂ ಒತ್ತಿದವಳು ‘ಒಬ್ಬ ಹುಡುಗಿ’ ಆಗಿಯೇ ಉಳಿಯಬೇಕೆ? ಪುಣ್ಯಕ್ಕೆ, ಈಚಿನ ವರ್ಷಗಳಲ್ಲಿ ಮೆಲಿಸ್ಸಾ ಟೆರಾಸ್, ಜೂಲಿಯಾನ್ ನೈಹನ್ ಎಂಬ ಇಬ್ಬರು ವಿದುಷಿಯರು ಈ ಪ್ರಶ್ನೆ ಎತ್ತಿದರು. ನೈಹನ್ ಅವರಂತೂ ಅಜ್ಜಿಯರಾಗಿದ್ದ ಆ ಕೆಲವರನ್ನು ಹುಡುಕಿ, ಅವರ ಬಾಯಿಂದಲೇ ಕೇಳಿ, ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಈಗಿನ ಪೋಸ್ಟ್‌ಡಾಕ್ ಹುಡುಗಿಗೆ ಲ್ಯಾಟಿನ್ನೂ ಬರುತ್ತದೆ, ಯಂತ್ರಕ್ಕೆ ಆಜ್ಞೆ ಬರೆಯುವುದೂ ಬರುತ್ತದೆ. ಲೇಖನದ ಮೇಲೆ ಹೆಸರು ಅಚ್ಚಾಗುತ್ತದೆ. ಕರಾರು ಮುಗಿದ ಮೇಲೆ ಮುಂದಿನ ಊರು ಯಾವುದು ಎಂಬ ಚಿಂತೆ ಮಾತ್ರ ತಪ್ಪಿದ್ದಲ್ಲ. ನಿಮ್ಮ ಮಗಳೋ ಸೊಸೆಯೋ ಇಂಥ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಅಂದರೆ, “ಕಾಯಂ ಆಗುತ್ತದಾ?” ಎಂದು ಕೇಳಿ, ತಪ್ಪಿಲ್ಲ. ಜೊತೆಗೆ “ನಿನ್ನ ಹೆಸರು ಹಾಕುತ್ತಾರಾ?” ಅಂತಲೂ ಕೇಳಿ.

ಊಟದ ಮಾತು ಮರೆತೆ. ಇಲ್ಲಿ ಕೇಸರಿ ಹಾಕಿ ಮೆತ್ತಗೆ ಬೇಯಿಸಿದ ಹಳದಿ ಅನ್ನ ಪ್ರಸಿದ್ಧ, ರಿಸೊತ್ತೊ ಅನ್ನುತ್ತಾರೆ. ನೋಡಿದರೆ ನಮ್ಮ ಪೊಂಗಲ್ ನೆನಪಾಗುತ್ತದೆ. ಆದರೆ ಸಾಂಪ್ರದಾಯಿಕವಾಗಿ ಅದಕ್ಕೆ ಮಾಂಸದ ಸಾರು, ದನದ ಮೂಳೆಯ ಮಜ್ಜೆ ಹಾಕುತ್ತಾರೆ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ. ಗಲ್ಲರಾತೆಗೆ ಹೋಗುವುದಾದರೆ ವಾಪಸಾಗುವ ದಿನ ಇಟ್ಟುಕೊಳ್ಳಿ. ಮಲ್ಪೆನ್ಸಾ ವಿಮಾನ ನಿಲ್ದಾಣ ಅಲ್ಲಿಗೆ ಹತ್ತಿರ. 1960ರ ದಶಕದಲ್ಲಿ ಆ ಹುಡುಗಿಯರು ಕೆಲಸ ಮಾಡಿದ್ದು ಹಳೆಯ ಜವಳಿ ಕಾರ್ಖಾನೆಯೊಂದರ ಕಟ್ಟಡದಲ್ಲಿ. ನೂಲಿನ ಯಂತ್ರ ತೆಗೆದ ಜಾಗದಲ್ಲೇ ಕಾರ್ಡಿನ ಯಂತ್ರ ಕೂರಿಸಿದ್ದರು.