ಇನ್ನೂ ಏಳುತ್ತಿರುವ ಘಟ್ಟ

ಹತ್ತು ವರ್ಷದ ಹಿಂದಿನ ಮಾತು. ಸಮಾಜ ವಿಜ್ಞಾನದ ಮೇಷ್ಟ್ರ ಹುದ್ದೆ ಖಾಲಿಯಾಗಿ, ಭೂಗೋಳ ಪಾಠವೂ ವಿಜ್ಞಾನದವನಾದ ನನ್ನ ಹೆಗಲಿಗೇ ಬಿದ್ದಿತ್ತು. ಉತ್ತರ ಅಮೆರಿಕದ ಭೂಪಟ ತೂಗುಹಾಕಿ, ಅಲಾಸ್ಕದಿಂದ ಮೆಕ್ಸಿಕೊವರೆಗೆ ಪಶ್ಚಿಮದ ಅಂಚಿನುದ್ದಕ್ಕೂ ಹಬ್ಬಿರುವ ಕರಾವಳಿ ಪರ್ವತಗಳನ್ನು ಕೋಲಿನಿಂದ ತೋರಿಸುತ್ತ, "ಇವು ಅಮೆರಿಕದ ಪಶ್ಚಿಮ ಘಟ್ಟಗಳು ಅಂತ ತಿಳ್ಕೊಳ್ಳಿ" ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಅಲ್ಲಿ ಭೂಕಂಪ ಆಗುತ್ತಂತೆ. ನಮ್ಮ ಘಟ್ಟದಲ್ಲಿ ಯಾಕೆ ಹಂಗಾಗಲ್ಲ?" ಎಂದಳು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದೆ. ಉತ್ತರ ಗೊತ್ತಿಲ್ಲದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಗುರಾಣಿ ಇನ್ನೊಂದಿಲ್ಲ.

2024ರ ಬೇಸಿಗೆ ರಜೆಯಲ್ಲಿ ನಾನೂ ನನ್ನಾಕೆಯೂ ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೋದೆವು. ಮಗಳು, ಅಳಿಯ ಇಬ್ಬರೂ ನಾಲ್ಕು ದಿನ ರಜೆ ಹಾಕಿ ಒಲಿಂಪಿಕ್ ಪರ್ಯಾಯ ದ್ವೀಪ ತೋರಿಸಲು ಕರೆದೊಯ್ದರು. ಆ ಕರಾವಳಿ ಪರ್ವತ ಸಾಲಿನದೇ ಒಂದು ತುಂಡು ಅದು. ನಡುವೆ ಹಿಮ ಹೊದ್ದ ಮೌಂಟ್ ಒಲಿಂಪಸ್. ಎತ್ತರ ಸುಮಾರು 2,430 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಐನೂರು ಮೀಟರ್ ಹೆಚ್ಚು, ಅಷ್ಟೆ.

ಪರ್ವತದ ಪಶ್ಚಿಮ ಮಗ್ಗುಲಿಗೆ ಹೋ ಎಂಬ ನದಿಯ ಕಣಿವೆ. ಅಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಮರಗಳ ಕೊಂಬೆಗಳಿಂದ ಪಾಚಿ ಗಡ್ಡದಂತೆ ಇಳಿಬಿದ್ದಿತ್ತು. ಕಾರಿನಿಂದ ಇಳಿದ ಕೂಡಲೇ ನನ್ನಾಕೆ, "ಇದೇನ್ರೀ, ಆಗುಂಬೆಯ ವಾಸನೆ!" ಎಂದಳು. ಆದರೆ ಅಲ್ಲಿ ಮಳೆಗಾಲವೆಂದರೆ ಚಳಿಗಾಲ. ನಮ್ಮಲ್ಲಿ ಘಟ್ಟ ಸೋರುವ ಜುಲೈ, ಆಗಸ್ಟ್ ತಿಂಗಳು ಅವರಿಗೆ ಬಿಸಿಲ ಕಾಲ.

ಇನ್ನು ಪರ್ವತದ ಈಶಾನ್ಯಕ್ಕೆ ಒಂದು ಸಣ್ಣ ಊರು. ಕಾಗುಣಿತ ನೋಡಿ ನಾನು 'ಸೆಕ್ವಿಮ್' ಎಂದು ಓದಿದೆ, ಅಲ್ಲಿಯವರು 'ಸ್ಕ್ವಿಮ್' ಎನ್ನುತ್ತಾರೆ. ಅಲ್ಲಿ ಬೀಳುವ ಮಳೆ ವರ್ಷಕ್ಕೆ ಕೇವಲ 400 ಮಿ.ಮೀ. ಆಸುಪಾಸು! ಬೆಳೆಗೆ ನೀರು ಸಾಲದೆ 1890ರ ದಶಕದಲ್ಲೇ ಡಂಜನೆಸ್ ನದಿಯಿಂದ ಕಾಲುವೆ ತೋಡಿದ್ದರು. ಆಗುಂಬೆಯ ಮಳೆ ಬಿಟ್ಟು ಚಳ್ಳಕೆರೆಯ ಬಯಲು ಮುಟ್ಟಲು ನಾವು ಇನ್ನೂರು ಕಿಲೋಮೀಟರ್ ಹತ್ತಿರ ಬರಬೇಕು. ಇಲ್ಲಿ ಶಿಖರದಿಂದ ನೇರ ಅಳೆದರೆ ಐವತ್ತೈದು ಕಿಲೋಮೀಟರಿನಲ್ಲೇ ಮಳೆನೆರಳಿನ ಪಾಠ ಮುಗಿದುಹೋಗುತ್ತದೆ. ಇಲ್ಲಿಯವರೆಗೆ ನನ್ನ ಹೋಲಿಕೆ ತಪ್ಪಾಗಿರಲಿಲ್ಲ.

ತಪ್ಪು ತಿಳಿದದ್ದು ಹರಿಕೇನ್ ರಿಡ್ಜ್ ಎಂಬ ಏಣಿಗೆ ಹತ್ತುವ ರಸ್ತೆಯಲ್ಲಿ. ಬದಿಯ ಬಂಡೆಯಲ್ಲಿ ಇಡ್ಲಿಗಳನ್ನು ಒಂದರ ಮೇಲೊಂದು ಒತ್ತಿಟ್ಟಂತೆ ಕಪ್ಪು ಉಂಡೆಗಳು. ಇವನ್ನು ದಿಂಬು ಲಾವಾ ಎನ್ನುತ್ತಾರೆ. ಲಾವಾರಸ ನೀರಿನೊಳಗೆ ಉಕ್ಕಿ ತಟ್ಟನೆ ತಣಿದರೆ ಮಾತ್ರ ಈ ಆಕಾರ ಬರುತ್ತದೆ. ಎಂದರೆ, ಸುಮಾರು ಐದು ಕೋಟಿ ವರ್ಷದ ಹಿಂದೆ ಕಡಲ ತಳವಾಗಿದ್ದ ಕಲ್ಲು ಈಗ ಮೋಡದ ಹತ್ತಿರ ನಿಂತಿದೆ! ಒಂದು ಚೂರನ್ನು ಶಾಲೆಯ ಪ್ರಯೋಗಾಲಯಕ್ಕೆಂದು ಜೇಬಿಗಿಳಿಸುವ ಆಸೆಯಾಯಿತು. "ಮಾವ, ಇದು ರಾಷ್ಟ್ರೀಯ ಉದ್ಯಾನ, ಕಲ್ಲು ಎತ್ತುವ ಹಾಗಿಲ್ಲ" ಎಂದು ಅಳಿಯ ತಡೆದ. ಫೋಟೋಗೆ ತೃಪ್ತಿಪಟ್ಟೆ.

ಕಡಲ ತಳ ಮೇಲೇರಿದ್ದು ಹೇಗೆ? ಹುವಾನ್ ಡಿ ಫೂಕ ಎಂಬ ಸಮುದ್ರತಳದ ಫಲಕ ವರ್ಷಕ್ಕೆ ಮೂರು ನಾಲ್ಕು ಸೆಂಟಿಮೀಟರಿನಂತೆ, ನಮ್ಮ ಉಗುರು ಬೆಳೆಯುವ ವೇಗದಲ್ಲಿ, ಖಂಡದ ಅಡಿಗೆ ನುಗ್ಗುತ್ತಿದೆ. ಅದರ ಮೇಲಿನ ಹೂಳು, ಕಲ್ಲು ಕೆರೆದುಕೊಂಡು ಅಂಚಿನಲ್ಲಿ ಗುಡ್ಡೆಯಾಗುತ್ತದೆ. ಕಣದಲ್ಲಿ ಹಲಗೆಯಿಂದ ರಾಗಿ ಒತ್ತರಿಸಿದರೆ ಮುಂದೆ ರಾಶಿ ಏಳುವುದಿಲ್ಲವೇ, ಹಾಗೆ. ನಮ್ಮ ಸಹ್ಯಾದ್ರಿಯ ಕಥೆ ಬೇರೆ. ಅದು ಹಳೆಯ ಪ್ರಸ್ಥಭೂಮಿಯೊಂದು ಮುರಿದು ಉಳಿದ ಅಂಚು. ನಮ್ಮ ಕರಾವಳಿಯಾಚೆಯ ಕಡಲ ತಳವೂ ನಾವು ನಿಂತ ನೆಲವೂ ಒಂದೇ ಫಲಕ. ಅಲ್ಲಿ ಒಂದರ ಅಡಿಗೆ ಇನ್ನೊಂದು ನುಗ್ಗುತ್ತಿಲ್ಲ. ಹಾಗೆಂದು ಭೂಕಂಪವೇ ಇಲ್ಲವೆನ್ನುವಂತಿಲ್ಲ. 1967ರಲ್ಲಿ ಕೊಯ್ನಾ ನಡುಗಿತ್ತು. ಆದರೆ ಅಲ್ಲಿಯಂಥ ಮಹಾಕಂಪಕ್ಕೆ ಬೇಕಾದ ಏರ್ಪಾಡು ಇಲ್ಲಿಲ್ಲ. ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟೆ.

ಮಹಾಕಂಪದ ಗುರುತನ್ನು ಕೋಪಾಲಿಸ್ ನದಿಯ ಬಳಿ ಕಂಡೆ. ಜೌಗಿನಲ್ಲಿ ಬೂದುಬಣ್ಣದ ಸೀಡರ್ ಬೊಡ್ಡೆಗಳು ಸತ್ತು ನಿಂತಿವೆ. ನೆಲ ಒಮ್ಮೆಗೇ ಕುಸಿದು ಬೇರಿಗೆ ಉಪ್ಪುನೀರು ನುಗ್ಗಿ ಸತ್ತ ಮರಗಳಿವು. ಯಾವಾಗ? ಅಲ್ಲಿ ಆಗ ಬರೆದಿಟ್ಟವರಿಲ್ಲ. ಗುಡುಗುಹಕ್ಕಿ ತಿಮಿಂಗಿಲದೊಡನೆ ಕಾದಾಡಿ ನೆಲ ನಡುಗಿಸಿದ ಕಥೆಗಳು ಮಾತ್ರ ಮೂಲನಿವಾಸಿಗಳಲ್ಲಿದ್ದವು. ದಿನಾಂಕ ಸಿಕ್ಕಿದ್ದು ಸಾಗರದಾಚೆ. 1700ರ ಜನವರಿಯಲ್ಲಿ ಜಪಾನಿನ ಊರುಗಳಿಗೆ, ನೆಲ ಅಲುಗದೆಯೇ, ದೈತ್ಯ ಅಲೆಗಳು ಬಂದದ್ದು ಅಲ್ಲಿನ ಕಡತಗಳಲ್ಲಿತ್ತು. ಜಪಾನಿನ ವಿಜ್ಞಾನಿಗಳು 1996ರಲ್ಲಿ ಲೆಕ್ಕ ಹಾಕಿ, ಅಮೆರಿಕದ ಈ ತೀರ 1700ರ ಜನವರಿ 26ರ ರಾತ್ರಿ ಕಂಪಿಸಿತೆಂದರು. ಪ್ರಮಾಣ 9ರ ಆಸುಪಾಸು. ಸತ್ತ ಮರಗಳ ಬೇರಿನ ವಾರ್ಷಿಕ ಉಂಗುರಗಳೂ ಅದಕ್ಕೆ ಸಾಕ್ಷಿ ನುಡಿದವು. ಸುದ್ದಿ ಒಂದು ದಡದಲ್ಲಿ, ಕಾರಣ ಇನ್ನೊಂದು ದಡದಲ್ಲಿ. ಕೂಡಿಸಲು ಮುನ್ನೂರು ವರ್ಷ ಬೇಕಾಯಿತು.

ಅಲ್ಲಿಂದ ದಕ್ಷಿಣಕ್ಕೆ, ಕಡಲಂಚಿನ ವೆಸ್ಟ್‌ಪೋರ್ಟ್‌ನಲ್ಲಿ ಒಕೋಸ್ಟಾ ಎಂಬ ಪ್ರಾಥಮಿಕ ಶಾಲೆ. ಹತ್ತಿರದಲ್ಲಿ ಮಕ್ಕಳು ಓಡಿ ಹತ್ತಲು ಗುಡ್ಡವಿಲ್ಲ. ಆದ್ದರಿಂದ ಶಾಲೆಯನ್ನೇ ಗುಡ್ಡದಂತೆ ಕಟ್ಟಿದ್ದಾರೆ. ವ್ಯಾಯಾಮಶಾಲೆಯ ಛಾವಣಿಯ ಮೇಲೆ ಸಾವಿರ ಜನ ನಿಲ್ಲಬಹುದು. ಖರ್ಚಿಗೆ ಊರವರೇ 2013ರಲ್ಲಿ ಮತ ಹಾಕಿ ಒಪ್ಪಿಗೆ ಕೊಟ್ಟರು, 2016ರಲ್ಲಿ ಶಾಲೆ ತೆರೆಯಿತು. ರಸ್ತೆಯಲ್ಲೇ ನಿಂತು ಆ ಛಾವಣಿಯನ್ನು ಬಹಳ ಹೊತ್ತು ನೋಡಿದೆ.

ಸಿಯಾಟಲ್‌ಗೆ ಮರಳಿದ ರಾತ್ರಿ ಮಗಳು ಅಡುಗೆಮನೆಯ ಕಪಾಟು ತೆಗೆದು ತೋರಿಸಿದಳು. ನೀರಿನ ಕ್ಯಾನುಗಳು, ಟಾರ್ಚ್, ಔಷಧಿ, ಡಬ್ಬಿ ಆಹಾರ. "ಎರಡು ವಾರಕ್ಕಾಗುವಷ್ಟು ಇಟ್ಕೊಂಡಿರಬೇಕು ಅಂತಾರೆ ಅಪ್ಪ. ಹೇಳಿದ್ರೆ ನೀವು ಹೆದರ್ತೀರಿ ಅಂತ ಫೋನಿನಲ್ಲಿ ಹೇಳಿರಲಿಲ್ಲ" ಎಂದಳು. ನನ್ನಾಕೆ ಏನೂ ಮಾತಾಡಲಿಲ್ಲ. ಹೊರಡುವ ಹಿಂದಿನ ದಿನ ನೋಡಿದರೆ, ಊರಿಂದ ತಂದಿದ್ದ ಹುರಿಹಿಟ್ಟಿನ ಡಬ್ಬಿ ಆ ಕಪಾಟಿನೊಳಗೆ ಕುಳಿತಿತ್ತು.