ಚಂದದ ಬೈಗುಳ

ಹಾನಗಲ್ಲಿನ ನಮ್ಮ ಮನೆಯ ಕಂಪೌಂಡಿನ ಮೇಲೆ 'ಇಲ್ಲಿ ಪೋಸ್ಟರ್ ಹಚ್ಚಬಾರದು' ಎಂದು ಬರೆಸಬೇಕಾಗಿತ್ತು. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಪೇಂಟರ್ ಇಡೀ ಮುಂಜಾನೆ ತಗೊಂಡ. ನೀಲಿ ಪುಡಿ ಹಚ್ಚಿದ ದಾರ ಎಳೆದು ಚಟ್ಟನೆ ಗೆರೆ ಹೊಡೆದ. ಕೆಂಪು ಅಕ್ಷರಕ್ಕೆ ಹಳದಿ ನೆರಳು ಕೊಟ್ಟ. 'ಬಾ'ದ ಹೊಟ್ಟೆಯನ್ನು ಉಸಿರು ಬಿಗಿಹಿಡಿದು ಒಂದೇ ಸುತ್ತಿಗೆ ತಿರುವಿದ. ಪೂರ್ಣವಿರಾಮದ ಜಾಗದಲ್ಲಿ ಒಂದು ಕಮಲ! ನಮ್ಮೂರ ತಾರಕೇಶ್ವರ ಗುಡಿಯ ಛತ್ತಿನ ಕಲ್ಲುಕಮಲದ ಮರಿ ಅದು; ಹುಡುಗನಿದ್ದಾಗ ಅದರ ಕೆಳಗೆ ಅಂಗಾತ ಮಲಗಿ ಎಸಳು ಎಣಿಸುತ್ತಿದ್ದನಂತೆ.

"ಬ್ಯಾಡ ಅನ್ನಾಕ ಇಷ್ಟೆಲ್ಲ ಸಿಂಗಾರ ಯಾಕಪಾ?" ಅಂದೆ.

"ಬೈಯೂದನ್ನೂ ಚಂದ ಬರದ್ರ ಮಂದಿ ನಿಂತು ಓದತಾರ್ರೀ ಸರ."

ಈ ಮಾತು ತಲೆಯಲ್ಲಿ ಕೂತಿತು. ನಮ್ಮ ಸೀಮೆಯ ಕಸುಬೇ ಇದಲ್ಲವೇ? ಸರ್ವಜ್ಞನ ಊರೆನ್ನುವ ಅಬಲೂರು ಹಿರೇಕೆರೂರು ತಾಲ್ಲೂಕಿನದು. ಅವನ ಬೈಗುಳ ಮೂರೇ ಸಾಲು, ಶಾಲೆಯ ಗೋಡೆಗೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು ಸೋರುವ ಮಾಳಿಗೆಯನ್ನೇ ಹಾಡು ಮಾಡಿದರು. ಸವಣೂರಿನ ಖಾರ ತಿಂದವರಿಗೆ ಗೊತ್ತು: ಮೂಗಲ್ಲಿ ನೀರಿಳಿದರೂ ಕೈ ಮತ್ತೆ ಪೊಟ್ಟಣಕ್ಕೇ ಹೋಗುತ್ತದೆ. ಚಂದದ ಬೈಗುಳದ ರುಚಿಯೂ ಅಂಥದೇ.

ಬೆಂಗಳೂರಲ್ಲೂ ಅಷ್ಟೇ, ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ರಸ್ತೆಗುಂಡಿಯ ನೀರಿಗೆ ಮೊಸಳೆ ಬಿಟ್ಟರು. 2019ರಲ್ಲಿ ಗಗನಯಾತ್ರಿಯ ವೇಷದ ನಟನನ್ನು ಗುಂಡಿಗಳ ನಡುವೆ ನಡೆಸಿ ರಸ್ತೆಯನ್ನು ಚಂದ್ರಲೋಕ ಮಾಡಿದರು. ಎಷ್ಟೋ ಅರ್ಜಿ ನುಂಗಿದ್ದ ಗುಂಡಿ ಒಂದು ಮೊಸಳೆಗೆ ಹೆದರಿ ಮುಚ್ಚಿಕೊಂಡಿತು.

ಬೆಂಗಳೂರಲ್ಲೇ ಡಿಸೈನ್ ಓದುವ ನನ್ನ ಸೋದರಳಿಯ ದಸರೆಗೆ ಬಂದ. ಮನೆಗೆ ಬರುವ ಮುಂಚೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋಗಿ, ಕಲಾವಿದ ಸೊಲಬಕ್ಕನವರ ಅವರು ಕಟ್ಟಿಸಿದ ಸಿಮೆಂಟಿನ ಹಳ್ಳಿಯನ್ನೆಲ್ಲ ಫೋನಿಗೆ ತುಂಬಿಕೊಂಡಿದ್ದ. ನಮ್ಮ ಗೋಡೆ ಕಂಡಿದ್ದೇ ಚೀಲ ಅಲ್ಲೇ ಇಳಿಸಿ, 'ಬಾ' ಒಂದನ್ನೇ ಹನ್ನೆರಡು ಫೋಟೊ ಹೊಡೆದ. ಪೇಂಟರನ್ನು ಹುಡುಕಿಕೊಂಡು ಹೋಗಿ, "ಇದು ಯಾವ ಫಾಂಟು?" ಎಂದು ಕೇಳಿದ. "ಮಣಿಕಟ್ಟಿಂದು" ಅಂದನಂತೆ ಅವನು. ಫ್ಲೆಕ್ಸ್ ಬಂದ ಮೇಲೆ ಆ ಮಣಿಕಟ್ಟಿಗೆ ಕೆಲಸ ಕಡಿಮೆ.

ಆದರೂ ಒಂದು ಮಾತು ಚುಚ್ಚುತ್ತದೆ. 2010ರ ಜುಲೈಯಲ್ಲಿ ಇದೇ ಸವಣೂರಿನ ಪುರಸಭೆಯೆದುರು, ತಮ್ಮನ್ನು ಮನೆಗಳಿಂದ ಎಬ್ಬಿಸಬೇಡಿ ಎಂದು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡರು. ತಲೆತಲಾಂತರದಿಂದ ಊರಿನ ಮಲ ಹೊತ್ತವರು. ಅವರಿಗೆ ಯಾವ ಗೋಡೆ, ಯಾವ ಬಣ್ಣ, ಎಲ್ಲಿಯ ಚಂದ?

ಮೊನ್ನೆ ಎದ್ದು ನೋಡಿದರೆ ನಮ್ಮ ಗೋಡೆಗೆ ನಾಟಕ ಕಂಪನಿಯ ಪೋಸ್ಟರ್. ಹಚ್ಚಿದವನು ರಸಿಕ, ಒಂದು ಅಕ್ಷರಕ್ಕೂ ಅಂಟು ತಾಗಿಸದೆ, ಕಮಲವನ್ನೂ ಮುಟ್ಟದೆ, ಸರಿಯಾಗಿ ಕೆಳಗೆ ಹಚ್ಚಿದ್ದ. ಪೇಂಟರನ್ನು ಕರೆದು ತೋರಿಸಿದೆ.

ಅವನು ಬಹಳ ಹೊತ್ತು ನೋಡಿದ. "ಓದತಾರ ಅಂದಿದ್ದೆ ರೀ ಸರ" ಅಂದ, "ಕೇಳತಾರ ಅಂದಿರಲಿಲ್ಲ."