ನಾಲ್ಕು ತಾಲ್ಲೂಕು, ನಲವತ್ತು ಎಲೆ



ಕೊನೆಯ ಬೆಂಚಿನಿಂದ ನಾನು ಕಸಿದುಕೊಂಡ ಇಸ್ಪೀಟು ಎಲೆಗಳ ಲೆಕ್ಕ ನಿಮ್ಮಲ್ಲಿ ಕೆಲವರಿಗೆ ನನಗಿಂತ ಚೆನ್ನಾಗಿ ನೆನಪಿದ್ದೀತು. ಅಂಥ ಮಾಸ್ತರನು ನಿವೃತ್ತಿಯ ನಂತರ ತಾನೇ ಎಲೆಯಾಟ ಕಟ್ಟಲು ಕುಳಿತಿದ್ದಾನೆ ಎಂದರೆ ನೀವು ನಗುವುದು ಸಹಜ. ನಕ್ಕು ಮುಗಿದ ಮೇಲೆ ಮುಂದೆ ಓದಿರಿ.

ಈ ಹವ್ಯಾಸ ಅಂಟಿದ್ದು ಮೈಸೂರಿನ ಗಂಜೀಫಾ ಎಲೆಗಳನ್ನು ಕಂಡಂದಿನಿಂದ. ದುಂಡಗಿನ ಆ ಎಲೆಗಳ ದಶಾವತಾರ ಆಟದಲ್ಲಿ ಅವತಾರಕ್ಕೊಂದರಂತೆ ಹತ್ತು ಪಂಗಡಗಳು. ಪ್ರತಿ ಪಂಗಡಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು 120. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಷ್ಟಕ್ಕೆ ತೃಪ್ತರಾಗದೆ ಹೊಸ ಹೊಸ ಎಲೆಯಾಟಗಳನ್ನು ತಾವೇ ರೂಪಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರವಿದೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ 18 ಪಂಗಡ, 360 ಎಲೆ! ಎಲೆಯಾಟವೆಂದರೆ ಜೂಜು ಎಂದಷ್ಟೇ ತಿಳಿದಿದ್ದ ನನಗೆ, ಒಬ್ಬ ಅರಸರು ಅದನ್ನು ವಿದ್ಯೆಯಂತೆ ಕಂಡಿದ್ದರೆಂಬುದು ಹೊಸ ಪಾಠವಾಯಿತು.

ಉತ್ಸಾಹದ ಭರದಲ್ಲಿ ನಾನೂ ಒಂದು ಸಂಕಲ್ಪ ಮಾಡಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲ್ಲೂಕುಗಳ ಮೇಲೆ 120 ಎಲೆಗಳ ಆಟವೊಂದನ್ನು ವರ್ಷದೊಳಗೆ ಮುಗಿಸುವುದು! ಎಂಟು ತಿಂಗಳು ಕಳೆದಾಗ ಬರೆದು ಮುಗಿದಿದ್ದ ಎಲೆಗಳು ಹನ್ನೊಂದು. ಅದರಲ್ಲಿ ರನ್ನನನ್ನೇ ಮೂರು ಸಲ ಬರೆದು ಹರಿದಿದ್ದೆ.

ಆಗ ನೆನಪಾದದ್ದು ನನ್ನ ಹಳೆಯ ಪಾಠಯೋಜನೆ. ‘ಮಕ್ಕಳು ವ್ಯಾಕರಣ ಕಲಿಯುವರು’ ಎಂದು ಉದ್ದೇಶ ಬರೆದರೆ ತಪಾಸಣೆಗೆ ಬಂದವರು ಒಪ್ಪುತ್ತಿರಲಿಲ್ಲ. ‘ಐದು ಪದಗಳಲ್ಲಿ ಸಂಧಿಯನ್ನೂ ಸಮಾಸವನ್ನೂ ಬೇರ್ಪಡಿಸುವರು’ ಎಂದು ಬರೆಯಬೇಕಾಗಿತ್ತು. ನಲವತ್ತು ನಿಮಿಷದಲ್ಲಿ ಆಯಿತೋ ಇಲ್ಲವೋ ಎಂದು ಅಳೆದು ನೋಡಲು ಬರುವಂಥದ್ದೇ ಉದ್ದೇಶ. ಜೀವಮಾನವಿಡೀ ಇತರರಿಗೆ ಹೇಳಿದ್ದನ್ನು ನನ್ನ ಹವ್ಯಾಸಕ್ಕೆ ಅನ್ವಯಿಸಿಕೊಂಡಿರಲಿಲ್ಲ! ಹೊಸ ಉದ್ದೇಶವನ್ನು ಹೀಗೆ ಬರೆದೆ: ‘ದೀಪಾವಳಿಯೊಳಗೆ, ನಾನು ಬಾಯಿ ತೆರೆಯದೆ, ಮೂವರು ಈ ಆಟವನ್ನು ಕೊನೆಯವರೆಗೆ ಆಡಬೇಕು.’ ಚಿತ್ರ ಚೆಂದವಿರಬೇಕೆಂದು ಎಲ್ಲಿಯೂ ಬರೆಯಲಿಲ್ಲ. ಕೈ ಹಗುರಾಯಿತು.

ಎಲೆಗಳು ನಲವತ್ತಕ್ಕೆ ಇಳಿದವು. ತಾಲ್ಲೂಕಿಗೆ ಒಂಬತ್ತರಂತೆ ಮೂವತ್ತಾರು. ಮುಧೋಳಕ್ಕೆ ರನ್ನ, ಮತ್ತು 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಮುಧೋಳ ನಾಯಿ. ಜಮಖಂಡಿಗೆ ಪಟವರ್ಧನರ ರಾಮತೀರ್ಥದ ಅರಮನೆ. ಬೀಳಗಿಗೆ ಅರೆತ್ತಿನ ಬಾವಿ. ರಬಕವಿ-ಬನಹಟ್ಟಿಗೆ ಮಗ್ಗ, ಸೀರೆ, ಮಹಾಲಿಂಗಪುರದ ಬೆಲ್ಲ. ಕೈಯಲ್ಲಿ ಐದು ಎಲೆ. ಸರದಿ ಬಂದಾಗ ಒಂದು ಎತ್ತಿ ಒಂದು ಬಿಡಬೇಕು. ಒಂದೇ ತಾಲ್ಲೂಕಿನ ಮೂರು ಎಲೆ ಕೂಡಿದರೆ ಒಂದು ಕಟ್ಟು, ಅದನ್ನು ನೆಲಕ್ಕಿಳಿಸಬಹುದು. ಉಳಿದ ನಾಲ್ಕರಲ್ಲಿ ಎರಡು ‘ಬ್ಯಾರೇಜು’, ಎರಡು ‘ಹಿನ್ನೀರು’.

ಬನಹಟ್ಟಿಯ ನೇಕಾರ ಮಿತ್ರರೊಬ್ಬರು ಜಕಾರ್ಡಿನ ಹಳೆಯ ರಟ್ಟುಗಳನ್ನು ಕೊಟ್ಟರು. ಎರಡನೆಯ ಆಟಕ್ಕೇ ಮೊಮ್ಮಗಳು ಒಂದೂ ತಪ್ಪಿಲ್ಲದೆ ಗೆಲ್ಲತೊಡಗಿದಳು. ವಿಚಾರಿಸಿದರೆ, ರಟ್ಟಿನ ತೂತುಗಳನ್ನು ನೋಡಿಯೇ ಯಾರ ಕೈಯಲ್ಲಿ ಯಾವ ಎಲೆಯಿದೆ ಎಂದು ಗುರುತಿಟ್ಟುಕೊಂಡಿದ್ದಳು! ಸೀರೆಯ ಸೆರಗಿನ ವಿನ್ಯಾಸವನ್ನು ಮಗ್ಗಕ್ಕೆ ತಿಳಿಸುವ ತೂತುಗಳು ನಮ್ಮ ಗುಟ್ಟನ್ನೂ ಹೇಳಿಬಿಟ್ಟಿದ್ದವು. ಎಲ್ಲ ಎಲೆಗಳ ಬೆನ್ನಿಗೂ ನೀಲಿ ಕಾಗದ ಅಂಟಿಸಿದೆ.

ಮೂರನೆಯ ಸಲ ಆಡುವಾಗ ನನ್ನ ತಂಗಿಯೂ ಕುಳಿತಿದ್ದಳು. ಅವಳನ್ನು ಕೊಟ್ಟದ್ದು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರಿಗೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಆ ಊರು ಮುಳುಗಿತು. ನನ್ನ ನಿಯಮದಂತೆ ‘ಹಿನ್ನೀರು’ ಎಲೆ ಸಿಕ್ಕವರು ಎದುರಾಳಿಯ ಒಂದು ಕಟ್ಟನ್ನು ಆಟದಿಂದಲೇ ಹೊರಗೆ ಹಾಕಬಹುದಾಗಿತ್ತು. ಆಟಕ್ಕೆ ರೋಚಕತೆ ತಂದ ನಿಯಮವೆಂದು ನನಗೆ ಅದರ ಮೇಲೆ ಬಹಳ ಹೆಮ್ಮೆ. ಮೊಮ್ಮಗಳು ಚಪ್ಪಾಳೆ ತಟ್ಟಿ ಅವಳ ಬೀಳಗಿ ಕಟ್ಟನ್ನು ಎತ್ತಿ ಬದಿಗೆಸೆದಳು. ತಂಗಿ ಕೈಯಲ್ಲಿದ್ದ ಎಲೆಗಳನ್ನು ಮೆಲ್ಲಗೆ ಕೆಳಗಿಟ್ಟಳು.

“ಅಣ್ಣಾ, ನಮ್ಮೂರು ಮುಳುಗಿದಾಗ ಯಾರೂ ಗೆದ್ದಿದ್ದಿಲ್ಲೋ” ಎಂದಳು. ಬಳಿಕ ಚಹ ಮಾಡಲು ಒಳಗೆ ಹೋದಳು.

ಆ ರಾತ್ರಿ ನಿದ್ರೆ ಬರಲಿಲ್ಲ. ಎಲೆಯನ್ನೇ ತೆಗೆದುಬಿಡುವುದು ಸುಲಭವಾಗಿತ್ತು. ಆದರೆ ಈ ನಾಲ್ಕು ತಾಲ್ಲೂಕುಗಳ ಆಟದಲ್ಲಿ ಮುಳುಗಡೆಯೇ ಇಲ್ಲವೆಂದರೆ ಅದೊಂದು ಸುಳ್ಳು. ಉತ್ತರವು ನನ್ನ ಇನ್ನೊಂದು ಎಲೆಯಲ್ಲಿಯೇ ಇತ್ತು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರಲ್ಲವೇ? ಅದಕ್ಕಾಗಿಯೇ ‘ಬ್ಯಾರೇಜು’ ಬಂದಾಗ ಆಡುವವರೆಲ್ಲ ತಲಾ ಒಂದು ಎಲೆ ನಡುವೆ ಹಾಕುವುದು, ಎಲ್ಲರಿಗೂ ಒಂದೊಂದು ಅಂಕ ಸಿಗುವುದು ಎಂದು ನಿಯಮ ಮಾಡಿದ್ದೆ. ಅದೇ ನಿಯಮವನ್ನು ‘ಹಿನ್ನೀರಿ’ಗೂ ತಂದೆ. ಈಗ ಕಟ್ಟು ಆಟದಿಂದ ಹೊರಗೆ ಹೋಗುವುದಿಲ್ಲ. ಬೋರಲಾಗಿ ಅಲ್ಲಿಯೇ ಉಳಿಯುತ್ತದೆ. ಉಳಿದವರೆಲ್ಲ ತಲಾ ಒಂದು ಎಲೆ ಕೊಟ್ಟು ಅದನ್ನು ಎತ್ತುವವರೆಗೆ ಯಾರೂ ಹೊಸ ಕಟ್ಟು ಇಳಿಸುವಂತಿಲ್ಲ. ಒಬ್ಬರ ಮುಳುಗಡೆ ಎಲ್ಲರ ಸರದಿಯನ್ನೂ ತಡೆಯುತ್ತದೆ. ವಾಸ್ತವದಲ್ಲಿ ಹೀಗೆ ಆಗಲಿಲ್ಲವೆಂದು ನನಗೆ ಗೊತ್ತು. ಆಗಬೇಕಾಗಿತ್ತು ಎಂದು ಹೇಳುವ ಸ್ವಾತಂತ್ರ್ಯ ಆಟಕ್ಕಿದೆ.

ದೀಪಾವಳಿಯ ಪಾಡ್ಯದ ದಿನ ತಂಗಿ, ಮೊಮ್ಮಗಳು ಮತ್ತು ಪಕ್ಕದ ಮನೆಯ ಹುಡುಗ ಕೊನೆಯವರೆಗೆ ಆಡಿದರು. ನಾನು ಎರಡು ಸಲ ಬಾಯಿ ತೆರೆದೆ. ಆದ್ದರಿಂದ ಉದ್ದೇಶ ಪೂರ್ತಿ ಈಡೇರಿತೆನ್ನಲಾರೆ. ನಡುವೆ ‘ಹಿನ್ನೀರು’ ಬಂದಾಗ ತಂಗಿ ತನ್ನ ಎಲೆಯನ್ನು ಎಲ್ಲರಿಗಿಂತ ಮೊದಲೇ ಕೊಟ್ಟಳು. ಆಟ ಮುಗಿದ ಮೇಲೆ, “ಆ ಎಲಿ ಮ್ಯಾಲ ಬರೇ ನೀರು ಬರದೀ. ನಮ್ಮ ಅಂಗಳದ ಬೇವಿನ ಗಿಡದ ತುದಿನೂ ಬರಿ. ಅದು ಭಾಳ ದಿನ ಕಾಣತಿತ್ತು” ಎಂದಳು.

ಯುಗಾದಿಯೊಳಗೆ ಆ ಒಂದು ಎಲೆಯನ್ನು ಬರೆದು ಮುಗಿಸುವುದು ನನ್ನ ಮುಂದಿನ ಉದ್ದೇಶ. ಜಮಖಂಡಿಯ ಕಡೆ ಬಂದಾಗ ಮನೆಗೆ ಬನ್ನಿರಿ, ಆಡೋಣ. ಈ ಸಲ ಎಲೆ ಕಸಿದುಕೊಳ್ಳುವುದಿಲ್ಲ.